ಚಿಲಕ ಕಿತ್ತೋರ್ಯಾರು?

ಎಂಬತ್ತರ ದಶಕದ ಮಾತು ಗೆಳೆಯರೇ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಅರಮನೆ ತೋರಿಸಲು ಹೊನ್ನವಳ್ಳಿಯಿಂದ ಮೈಸೂರಿಗೆ ಹೋಗಿದ್ದೆ. ಲಾಡ್ಜಿನ ರೂಮಿಗೆ ಕಾಲಿಟ್ಟವಳೇ ಬಾಗಿಲ ಹಿಂದೆ ನೋಡಿದಳು. "ಒಳಗಡೆ ಚಿಲಕಾನೇ ಇಲ್ಲ ಕಣ್ರೀ!"

"ಇಲ್ಲಿ ಯಾರೂ ನುಗ್ಗಲ್ಲಮ್ಮ" ಎಂದು ರೂಮು ತೋರಿಸಲು ಬಂದಿದ್ದ ಮ್ಯಾನೇಜರು ನಕ್ಕ.

"ಯಾರೂ ನುಗ್ಗದಿದ್ರೆ ಇದ್ದ ಚಿಲಕ ಕಿತ್ತೋರ್ಯಾರು? ಮೊಳೆ ತೂತು ಇನ್ನೂ ಕಾಣ್ತಾವಲ್ಲ!"

ಅವನ ನಗು ಆರಿತು. ನಾವು ಚೀಲ ಎತ್ತಿಕೊಂಡು ಹೊರಟೆವು. ಪಕ್ಕದ ಬೀದಿಯ ಛತ್ರ ನೋಡಿಕೊಳ್ಳುತ್ತಿದ್ದ ಅಜ್ಜಿ ಇವಳ ಕೈಹಿಡಿದು ಹೆಂಗಸರ ಕೋಣೆಗೆ ಕರೆದೊಯ್ದಳು. ಹಿಂದೆಯೇ ಹೋದ ನನ್ನನ್ನು ತಡೆದಳು.

"ನೀನ್ಯಾರಪ್ಪ?"

"ಅವಳ ಗಂಡ ಕಣಜ್ಜಿ."

"ಎಲ್ಲಾರೂ ಹಂಗೇ ಅಂತಾರೆ. ಆಚೆ ಜಗಲಿ ಮ್ಯಾಲೆ ಮಲಕ್ಕೊ ಹೋಗು."

ಒಳಗಿನಿಂದ ಹೆಂಡತಿ ಕಿಸಕ್ಕೆಂದಳು. ಅಂತೂ ಅವಳಿಗೆ ಮೈಸೂರಿನಲ್ಲಿ ಸುರಕ್ಷಿತ ಜಾಗ ಸಿಕ್ಕಿತು. ಅಪಾಯ ನಾನೇ ಎಂದು ಗೊತ್ತಾಗಿದ್ದು ಆಗಲೇ.