ಗಂಗೆಯ ಬಕೆಟ್ಟಿನಲ್ಲಿ ಕ್ಯಾನು ಬಿಯರು

ಗಂಗೆಯ ದಂಡೆಯ ಶಿವಾಲ ಬಡಾವಣೆಯಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮೈದುನ ಶರಣನ ಮನೆ. ಬೆಳಿಗ್ಗೆ ಘಾಟಿನಿಂದ ತಂದ ಗಂಗೆಯ ನೀರಿನ ಕೆಸರು ತಳಕ್ಕಿಳಿಯಲೆಂದು ಬಕೆಟ್ಟನ್ನು ಮೆಟ್ಟಿಲ ಕೆಳಗಿನ ನೆರಳಿನಲ್ಲಿಟ್ಟಿದ್ದೆ. ಅದನ್ನು ತಾಮ್ರದ ಗಿಂಡಿಗೆ ತುಂಬಿ, ಬಾಯಿಗೆ ಬೆಸುಗೆ ಹಾಕಿಸಿ, ಊರಿನಲ್ಲಿ ಹಾಸಿಗೆ ಹಿಡಿದ ಅತ್ತೆಗೆ ಒಯ್ಯಬೇಕು. ಸಂಜೆಗೆ ರೈಲು.

ಮಧ್ಯಾಹ್ನ ಬಂದು ನೋಡಿದರೆ ಆ ನೀರಿನಲ್ಲಿ ಬಿಯರ್ ಕ್ಯಾನುಗಳು ತಣ್ಣಗೆ ಕೂತಿವೆ! ಪಕ್ಕದಲ್ಲೇ ಶರಣ ಮತ್ತು ಅವನ ಸಹೋದ್ಯೋಗಿ ಮಿಶ್ರಾಜಿ, ಒಂದೊಂದು ಕ್ಯಾನು ಹಿಡಿದು ಪರೀಕ್ಷೆಗೆ ಕೂತವರಂತಿದ್ದರು.

"ಇಷ್ಟು ಹಳೇ ಬ್ರೂವರಿ, ಬಾಟಲಿನ್ಯಾಗ ಕೊಡುವಾಗ ಛಲೋ ಇತ್ತು. ಕ್ಯಾನಿಗೆ ಬಂದ ಮ್ಯಾಲೆ ಗೋಧಿ ಬಿಯರ್ ನೀರು ನೀರಾಗೇತಿ," ಎಂದ ಶರಣ.

"ಅರೇ ಭಾಯಿ, ಕಾಲಾ ವಾಲಾ ಪೀಕೇ ದೇಖೋ," ಕಪ್ಪು ಬಿಯರ್ ಕುಡಿದು ನೋಡು, ಅದರಲ್ಲಿ ಹಳೆಯ ರುಚಿಯೇ ಇದೆಯೆಂದು ಮಿಶ್ರಾಜಿಯ ವಾದ.

ಯಾವುದರ ನೊರೆ ಬೇಗ ಇಳಿಯುತ್ತದೆ, ಯಾವುದರಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ ಕಮ್ಮಿ, ಎಲ್ಲ ಗೊತ್ತು ಇವರಿಗೆ! ನನಗೆ ಮೈಯೆಲ್ಲ ಉರಿಯಿತು.

"ಅದು ಗಂಗವ್ವ ಶರಣಾ, ಗಂಗವ್ವ!"

"ವೈನಿ, ಅರಿವಿ ಒಗಿಯೋ ನೀರು ಅನ್ಕೊಂಡೆ..."

"ನಿಮ್ಮವ್ವ ಬಾಯಾಗ ಬಿಟ್ಕೊಳ್ಳೋ ನೀರು! ಗಿಡದ ಬುಡಕ್ಕ ಹಾಕು. ಘಾಟಿಗೆ ಹೋಗಿ, ಮೊದಲು ಮೈತೊಳಕೊಂಡು, ಹೊಸದು ತುಂಬ್ಕೊಂಡ್ ಬಾ."

ಮಿಶ್ರಾಜಿ ಮೆಲ್ಲಗೆ ಚಪ್ಪಲಿ ಹುಡುಕಿದರು. ಬೆಸುಗೆಗೆ ಮೊದಲೇ ನನ್ನ ಕಣ್ಣಿಗೆ ಬಿತ್ತಲ್ಲ, ಅದೊಂದು ಶಿವನ ದಯೆ.

ಶರಣ ತೊಯ್ದ ಬಟ್ಟೆಯಲ್ಲೇ ಬಕೆಟ್ಟು ಹೊತ್ತು ಬಂದ. "ಅವ್ವಗ ಹೇಳಬ್ಯಾಡ್ರಿ ವೈನಿ," ಎಂದ.

ಅಷ್ಟರಲ್ಲಿ, ನೀರು ತುಂಬಿಸಿದ್ದಾಯಿತೇ ಎಂದು ಕೇಳಲು ಅತ್ತೆಯದೇ ಫೋನು ಬಂತು. ನಾನು ಅದನ್ನು ಅವನ ಒದ್ದೆ ಕೈಗೆ ಕೊಟ್ಟೆ.