ಎರಡು ಮಣ ಹದಿನೇಳು ಸೇರು

೧೯೫೪ರ ಅಕ್ಟೋಬರ್ ಹತ್ತೊಂಬತ್ತು, ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ ಗೊರೇಬಾಳದ ಹತ್ತಿರ ಹೊಸ ಕಾಲುವೆಯ ಏರಿಯ ಮೇಲೆ ನಾನು ಕುಳಿತುಬಿಟ್ಟೆ. ಆಗ ನನ್ನ ಜೊತೆಗಿದ್ದವರು ನಮ್ಮ ಪತ್ರಿಕೆಯ ಸಂಪಾದಕರು. ನಾವು ಹೊರಟು ಇನ್ನೂ ಅರ್ಧ ಮೈಲಿ ಆಗಿರಲಿಲ್ಲ.

ಸಂಪಾದಕರು ಒಳ್ಳೆಯವರು. ತಮ್ಮ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು ನಿಂತರು. ನನ್ನ ಉಸಿರು ಒಂದು ಹದಕ್ಕೆ ಬಂದ ಮೇಲೆ, "ನೀವು ಮಸ್ಕಿ ಸುದ್ದಿ ಬರ್ಕೊಂಡು ಆರಾಮ ಇರ್ರಿ. ಕಾಲುವಿಗೆ ನಡಿಯೋ ಮನುಷ್ಯಾ ಬೇಕು. ಯುಗಾದಿಗೆ ಮತ್ತ ಬರ್ತೀನಿ, ಆವಾಗ ನೋಡೋಣ" ಎಂದರು. ಆಮೇಲೆ ಒಬ್ಬರೇ ಮುಂದೆ ಹೋಗಿ, ಕೆಲಸ ನೋಡಿ ಬಂದು, ವರದಿಯನ್ನು ತಾವೇ ಬರೆದರು. ಅದು ಚೆನ್ನಾಗಿಯೇ ಇತ್ತು. ನಾನು ಎರಡು ಸಲ ಓದಿದೆ, ಎರಡು ಸಲವೂ ಹೊಟ್ಟೆ ಉರಿಯಿತು.

ಈ ಕಡೆಯ ವರದಿಗಾರನ ಪಾಲಿಗೆ ಬರುವ ಸುದ್ದಿ ಎಂಥವು? ಬಣವೆಗೆ ಬೆಂಕಿ, ಬಸ್ಸು ಕೆಟ್ಟು ನಿಂತದ್ದು, ತಹಸೀಲ್ದಾರರ ಭೇಟಿ. ಒಣಜೋಳದ ಹೊಲಗಳ ನಡುವೆ ನದಿಯ ನೀರು ನಡೆದು ಬರುತ್ತದೆ ಎಂಬ ಸುದ್ದಿ ಒಬ್ಬನ ಆಯುಷ್ಯದಲ್ಲಿ ಒಂದೇ ಸಲ ಬರುವುದು. ಅದು ನನ್ನ ಕೈಗೆ ಬಂದಿತ್ತು, ನನ್ನ ಮೈಯಿಂದಾಗಿ ಜಾರುತ್ತಿತ್ತು. ಯುಗಾದಿಗೆ ಐದು ತಿಂಗಳಿತ್ತು.

ನಡಿಗೆ ಶುರು ಮಾಡಿದೆ. ನಮ್ಮೂರು ಮಸ್ಕಿಯಿಂದ ಸಂತೆಕಲ್ಲೂರಿನ ದಾರಿ ಹಿಡಿದು ಎರಡು ಮೈಲಿ ಹೋದರೆ ಒಂದು ಹುಣಸೆಮರವಿದೆ. ಅಲ್ಲಿವರೆಗೆ ಹೋಗಿ ಬರುವುದು. ಪಕ್ಕದ ಮನೆಯ ಬಸಣ್ಣ ತಾನೂ ಬರುತ್ತೇನೆಂದ. ಅವನು ಕಿರಾಣಿ ಅಂಗಡಿಯವನು, ನನ್ನ ಸರೀಕ, ಗಾತ್ರದಲ್ಲಿಯೂ ಸರೀಕ. "ನೀ ಒಬ್ಬನ ಹೋದ್ರ ನಾಯಿ ಬೆನ್ನ ಹತ್ತತಾವು. ಇಬ್ರು ಇದ್ರ ಅವಕ್ಕೂ ಯಾರನ್ನ ಹಿಡೀಬೇಕಂತ ವಿಚಾರ ಮಾಡಾಕ ಹೊತ್ತು ಹಿಡೀತದ" ಎಂದು ಕಾರಣ ಕೊಟ್ಟ.

ಅಳತೆಯಿಲ್ಲದ ಸುದ್ದಿಯನ್ನು ನಾನು ನಂಬುವುದಿಲ್ಲ. ಆದ್ದರಿಂದ ಪ್ರತಿ ಸೋಮವಾರ ನಡಿಗೆ ಮುಗಿಸಿ ಇಬ್ಬರೂ ತೂಗಿಸಿಕೊಳ್ಳುವುದೆಂದು ಗೊತ್ತುಮಾಡಿದೆವು. ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿಯ ಅಂಗಳದಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲ ತೂಗುವ ದೊಡ್ಡ ತಕ್ಕಡಿ ಇತ್ತು, ತೂಗುವವನು ಖಾಜಾಸಾಬ. ಒಂದು ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ನಾವು ಕೂರಬೇಕು, ಇನ್ನೊಂದರ ಮೇಲೆ ಅವನು ಕಬ್ಬಿಣದ ತೂಕದ ಕಲ್ಲು ಇಡುತ್ತಾ ಎಣಿಸಬೇಕು. ನಮ್ಮ ಕಡೆ ಅಳೆಯುವವರು, ತೂಗುವವರು ಎಣಿಕೆಯನ್ನು ಒಂದರಿಂದ ಆರಂಭಿಸುವುದಿಲ್ಲ. ಒಂದಕ್ಕೆ 'ಲಾಭ' ಎನ್ನುತ್ತಾರೆ. ನಲವತ್ತು ಸೇರಿನ ಮೊದಲ ಮಣದ ಕಲ್ಲು ಇಡುವಾಗ ಖಾಜಾಸಾಬ ಗಟ್ಟಿಯಾಗಿ "ಲಾಭ" ಎನ್ನುತ್ತಿದ್ದ. ಇಳಿಸಲು ಬಂದವರಿಗೆ ವಾರವಾರವೂ ಲಾಭದಿಂದಲೇ ಆರಂಭ.

ನವೆಂಬರ್ ಒಂದರಂದು ನನ್ನ ತೂಕ ಎರಡು ಮಣ ಇಪ್ಪತ್ತೆರಡು ಸೇರು, ಬಸಣ್ಣನದು ಎರಡು ಮಣ ಇಪ್ಪತ್ತು. ತಿಂಗಳ ಕೊನೆಯ ಸೋಮವಾರ ನನ್ನದು ಎರಡು ಮಣ ಹದಿನೇಳಾಯಿತು. ಬಸಣ್ಣ ಇಪ್ಪತ್ತರಲ್ಲಿಯೇ ಇದ್ದ. ಆ ದಿನಗಳಲ್ಲಿ ನಾನು ಬಹಳ ಉದಾರಿಯಾಗಿದ್ದೆ. ಉಸಿರು ಹೇಗೆ ಬಿಡಬೇಕು, ಹೆಜ್ಜೆ ಎಷ್ಟು ಅಗಲ ಇಡಬೇಕು, ರಾತ್ರಿ ರೊಟ್ಟಿ ಎಷ್ಟು ತಿನ್ನಬೇಕು ಎಂದು ಅವನು ಕೇಳದಿದ್ದರೂ ಅವನಿಗೆ ಹೇಳುತ್ತಿದ್ದೆ. ಕೇಳಿದರೆ ಓಣಿಯ ಇತರರಿಗೂ ಹೇಳುತ್ತಿದ್ದೆ. ಕೇಳದವರಿಗೂ ಹೇಳಿದ್ದುಂಟು.

ಡಿಸೆಂಬರ್ ಆರರಿಂದ ನನ್ನ ತಕ್ಕಡಿ ನಿಂತುಹೋಯಿತು. ಎರಡು ಮಣ ಹದಿನೇಳು. ಮುಂದಿನ ವಾರ ಹದಿನೇಳು. ಅದರ ಮುಂದಿನ ವಾರವೂ ಹದಿನೇಳು. ಅದೇ ದಾರಿ, ಅದೇ ಮರ, ರೊಟ್ಟಿಯಲ್ಲಿ ಒಂದು ಕಡಿಮೆ, ಆದರೂ ಹದಿನೇಳು. ನಮ್ಮ ಊರಿನ ಬಂಡೆಯ ಶಾಸನವನ್ನು ಓದಬಲ್ಲವರು ಹೇಳಿದ್ದು ಆಗ ನೆನಪಾಗುತ್ತಿತ್ತು. ಈ ಗುರಿಯನ್ನು ದೊಡ್ಡವರಷ್ಟೇ ಮುಟ್ಟಬಲ್ಲರೆಂದು ತಿಳಿಯಬಾರದು, ನಿಷ್ಠೆಯಿದ್ದರೆ ಸಣ್ಣವರೂ ಮುಟ್ಟಬಲ್ಲರು ಎಂದು ಹಳೆಯ ಕಾಲದ ದೊರೆ ಅದರಲ್ಲಿ ಕೊರೆಸಿದ್ದಾನಂತೆ. ದಪ್ಪನೆಯವರ ವಿಷಯದಲ್ಲಿ ಶಾಸನ ಮೌನವಾಗಿದೆ.

ನಿಂತದ್ದು ನನ್ನದೊಂದೇ ಆಗಿದ್ದರೆ ಸಹಿಸಬಹುದಿತ್ತು. ನನ್ನದು ನಿಂತ ವಾರವೇ ಬಸಣ್ಣನದು ಇಳಿಯತೊಡಗಿತು. ಹತ್ತೊಂಬತ್ತು, ಹದಿನೆಂಟು, ಹದಿನೇಳು, ಹದಿನಾರು, ವಾರಕ್ಕೊಂದು ಸೇರು, ಲೆಕ್ಕ ಹಾಕಿ ಇಳಿಸಿದ ಹಾಗೆ. ಜನವರಿ ಹತ್ತರಂದು ಎರಡು ಮಣ ಹದಿನಾಲ್ಕು. ಹಲಗೆಯಿಂದ ಇಳಿದು ಅವನು ಏನೂ ಮಾತಾಡುತ್ತಿರಲಿಲ್ಲ. ಆ ಮೌನ ನನಗೆ ಸೊಕ್ಕಿನಂತೆ ಕಾಣುತ್ತಿತ್ತು.

ಹೊಟ್ಟೆಕಿಚ್ಚಿನ ಬಗ್ಗೆ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆದಿಡುತ್ತೇನೆ. ಅದು ದೂರದವರ ಮೇಲೆ ಹುಟ್ಟುವುದಿಲ್ಲ. ಸಿಂಧನೂರಿನ ಗರಡಿಯ ಪೈಲ್ವಾನರನ್ನು ನೋಡಿದರೆ ನನಗೆ ಏನೂ ಅನ್ನಿಸುವುದಿಲ್ಲ. ನಮ್ಮ ಓಣಿಯ ಕಡ್ಡಿಯಂಥ ಮಾಸ್ತರರ ಮೇಲೂ ನನಗೆ ಸಿಟ್ಟಿಲ್ಲ. ಅದಕ್ಕೆ ಒಂದೇ ದಾರಿ, ಒಂದೇ ಹೊತ್ತು, ಒಂದೇ ತಕ್ಕಡಿ ಬೇಕು. ನಾನು ಅವನ ಅಂಗಡಿಯ ಎದುರಿನ ಹೋಟೆಲಿನಲ್ಲಿ ಕೂತು ಪತ್ರಿಕೆ ಓದುವ ನೆಪದಲ್ಲಿ ಅವನ ಊಟ-ತಿಂಡಿಯ ಮೇಲೆ ಕಣ್ಣಿಟ್ಟೆ. ಟಿಪ್ಪಣಿ ಪುಸ್ತಕದಲ್ಲಿ ಇವೆ: 'ಮಂಡಾಳ ಒಗ್ಗರಣೆ ಎರಡು ತಾಟು. ಮಿರ್ಚಿ ನಾಲ್ಕು. ಚಹಾ. ಅರ್ಧ ಗಂಟೆಯ ನಂತರ ಮತ್ತೆ ಮಿರ್ಚಿ ಎರಡು.' ಅದನ್ನೆಲ್ಲ ತಿಂದು ಅವನು ಇಳಿಯುತ್ತಿದ್ದ. ಬರಿಯ ಚಹಾ ಕುಡಿದು ನಾನು ಹದಿನೇಳರಲ್ಲಿದ್ದೆ. ಹೊಟ್ಟೆಯೊಳಗೆ ಅಷ್ಟು ಕಿಚ್ಚು ಇದ್ದರೂ ಹೊಟ್ಟೆ ಮಾತ್ರ ಕರಗಲಿಲ್ಲ.

ಅದೇ ಪುಸ್ತಕದಲ್ಲಿ ಬೇರೆ ಟಿಪ್ಪಣಿಗಳೂ ಇವೆ. 'ಬಸಣ್ಣ ಇಂದು ಉಣ್ಣೆ ಕೋಟು ಹಾಕಿಲ್ಲ. ಚಳಿ ಹಿಡಿಯದಷ್ಟು ಮೈ ಹದವಾಗಿದೆ.' 'ಬಸಣ್ಣ ಬರಿಗಾಲು. ಹರಕೆ ಇರಬೇಕು.' 'ರುಮಾಲು ಇಲ್ಲ.' ಮೂವತ್ತು ಸಾಲು ಬರೆಯುವುದರಲ್ಲಿ ಮೂರು ಸಲ ವಿಚಾರಿಸುವವನು ನಾನು. ಆ ಒಂದು ತಿಂಗಳು ಕಂಡದ್ದನ್ನು ಬರೆದು, ಅದರ ಪಕ್ಕ ಊಹೆಯನ್ನೂ ಬರೆದು, ಮುಂದೆ ಹೋದೆ.

ಲಿಂಗಸುಗೂರಿಗೆ ಹೋಗಿ ಡಾಕ್ಟರರನ್ನು ಕಂಡೆ. ಅವರು ನನ್ನ ಮೊಣಕಾಲು ಒತ್ತಿ ನೋಡಿ, "ಮೈ ಇಳಿತಾ ಇಳಿತಾ ಒಂದು ಕಡಿ ನಿಂದರತದ. ಎಲ್ಲಾರಿಗೂ ಹಂಗ. ನೀವು ನಡಿಯೋದು ಬಿಡಬ್ಯಾಡ್ರಿ" ಎಂದರು. ಬಸಣ್ಣನದು ಯಾಕೆ ನಿಲ್ಲಲಿಲ್ಲ ಎಂದು ಕೇಳಿದೆ. ಅವನು ತಿನ್ನುವುದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಷ್ಟು ತಿಂದು ವಾರಕ್ಕ ಸೇರು ಇಳಿತದ ಅಂದ್ರ ಅದು ಒಳ್ಳೇದಲ್ಲ. ಕರ್ಕೊಂಡ ಬರ್ರಿ ಅವರ್ನ. ಸಕ್ಕರಿ ಬ್ಯಾನಿ ಏನರ ಐತೋ ನೋಡೂಣು."

ಈ ಮಾತು ಕೇಳಿ ನನಗೆ ಒಂದು ಗಳಿಗೆ ಸಮಾಧಾನವಾಯಿತು. ಹೆದರಿಕೆ ಆಮೇಲೆ ಬಂತು. ದಾಖಲೆ ಇರಬೇಕಾದ ಕ್ರಮ ಇದೇ, ನಾನು ಅದನ್ನು ತಿದ್ದುವುದಿಲ್ಲ.

ಮಸ್ಕಿಗೆ ವಾಪಸು ಬರುವ ಬಸ್ಸಿನಲ್ಲಿ ಇನ್ನು ಈ ನಡಿಗೆ ಸಾಕೆಂದು ತೀರ್ಮಾನಿಸಿದೆ. ನಡೆದರೂ ಇಳಿಯುವುದಿಲ್ಲ, ಇಳಿಯುವವನಿಗೆ ರೋಗ. ಕಾಲುವೆಯ ಸುದ್ದಿಯನ್ನು ಬೇರೆ ಯಾರಾದರೂ ಬರೆಯಲಿ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಬಿಡೋದಾದ್ರ ಬಿಡ್ರಿ. ಪೈಜಾಮದ ಲಾಡಿ ಮಾತ್ರ ಕತ್ತರಿಸಿ ಕೊಡ್ರಿ ನನಗ."

"ಯಾಕ?"

"ದೀಪಾವಳ್ಯಾಗ ಗಂಟ ಹಾಕಾಕ ಸಾಲ್ತಿದ್ದಿಲ್ಲ. ಈಗ ಗಂಟ ಹಾಕಿದ ಮ್ಯಾಲ ಮೊಣಕಾಲತನ ಜೋತಾಡ್ತಾವು. ತಕ್ಕಡಿ ಮ್ಯಾಲ ಕುಂತು ಕುಂತು ನಿಮಗ ಲಾಡಿ ಕಾಣವಲ್ದು."

ನಾನು ಲಾಡಿ ನೋಡಿಕೊಂಡೆ. ಅವಳು ಹೇಳಿದ್ದು ನಿಜವಿತ್ತು. ಲಾಡಿ ಜೋತಾಡಿದರೂ ತೂಕ ಹದಿನೇಳೇ, ಬಸಣ್ಣನದು ಹದಿನಾಲ್ಕು ಎಂದೆ.

"ಬಸಣ್ಣಾರ ಮೀಸಿ ಎಲ್ಲಿ ಹೋತ್ರೀ?" ಎಂದಳು ಅವಳು.

ಈ ಮೀಸೆಯ ವಿಷಯ ಹೇಳಬೇಕು. ಬಸಣ್ಣನ ಮೀಸೆ ಅವನ ಅಂಗಡಿಯ ಫಲಕಕ್ಕಿಂತ ಹೆಚ್ಚು ಪ್ರಸಿದ್ಧವಾಗಿತ್ತು. ಅವನ ಮದುವೆಯಲ್ಲಿ ಬೀಗರು ಹುಡುಗನನ್ನು ಬಿಟ್ಟು ಮೀಸೆಯನ್ನೇ ನೋಡಿ ಒಪ್ಪಿದರೆಂದು ಮಾತಿತ್ತು. ಜನವರಿ ಹದಿನೇಳರ ಸೋಮವಾರ ಅವನು ಮೀಸೆಯಿಲ್ಲದೆ, ತಲೆಯನ್ನೂ ಬೋಳಿಸಿಕೊಂಡು ಬಂದಿದ್ದ. ಆ ದಿನ ನಾನು ಅವನ ಮುಖ ನೋಡಿರಲಿಲ್ಲ, ಕಲ್ಲು ನೋಡುತ್ತಿದ್ದೆ. ಮೀಸೆ ಹೋದರೂ ತೂಕ ಹದಿನಾಲ್ಕೇ ಇತ್ತು.

"ಊರ ಸುದ್ದಿ ಎಲ್ಲಾ ಪೇಪರ್ನ್ಯಾಗ ಬರೀತೀರಿ. ಮಗ್ಗಲದಾಗ ನಡಿಯೋರ ಮೀಸಿ ಹೋಗಿದ್ದು ಗೊತ್ತಿಲ್ಲ" ಎಂದು ಅವಳು ರೊಟ್ಟಿ ಹಂಚಿಗೆ ಹಾಕಿದಳು.

ನಾನು ಟಿಪ್ಪಣಿ ಪುಸ್ತಕ ತೆಗೆದು ಮೊದಲಿನಿಂದ ಓದಿದೆ. ಕೋಟು, ಮೆಟ್ಟು, ರುಮಾಲು. ಆಮೇಲೆ ಅಡತಿ ಅಂಗಡಿಗೆ ಹೋಗಿ ಖಾಜಾಸಾಬನನ್ನು ಕೇಳಿದೆ. ಒಂದೂವರೆ ತಿಂಗಳ ಹಿಂದೆಯೇ ಕೇಳಬೇಕಿತ್ತು.

"ಹೌದ್ರಿ ಸಾಹೇಬ್ರ" ಎಂದ ಅವನು ಶಾಂತವಾಗಿ. "ಮೊದ್ಲ ದಿನ ಬಸಣ್ಣಾರು ಕೋಟಿನ ಕಿಸೇದಾಗ ಅಂಗಡಿ ಬೀಗ ಎರಡು, ಕೀಲಿ ಗೊಂಚಲಾ, ಅರ್ಧ ಸೇರಿನ ಹಿತ್ತಾಳಿ ಕಲ್ಲು, ಎಲ್ಲಾ ಇಟ್ಕೊಂಡು ಕುಂತಿದ್ರು. ಆಮ್ಯಾಲ ವಾರಾ ಒಂದೊಂದು ಮನ್ಯಾಗ ಬಿಟ್ಟು ಬಂದ್ರು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನಾ ತೂಗಾಂವ ರೀ. ಅಂಡಿಗ್ಯಾಗ ಹತ್ತಿ ಐತೋ ಹಸಿ ಮಣ್ಣ ಐತೋ, ಅದು ಕೊಳ್ಳಾವ್ರು ನೋಡ್ಬೇಕು. ನೀವು ಬಿಲ್ಕುಲ್ ನೋಡಲಿಲ್ಲ."

ಮರುದಿನ ಬೆಳಿಗ್ಗೆ ಹುಣಸೆಮರದ ಕೆಳಗೆ ಬಸಣ್ಣನನ್ನು ನಿಲ್ಲಿಸಿ ಕೇಳಿದೆ. ಬಯಲ ಗಾಳಿ ಬೀಸುತ್ತಿತ್ತು. ತೆಳು ಅಂಗಿಯಲ್ಲಿ ಅವನು ನಡುಗುತ್ತಿದ್ದ. ಬೋಳು ತಲೆಯ ಮೇಲೆ ಕೈ ಆಡಿಸಿಕೊಂಡು ಹೇಳಿದ:

"ನೀ ಐದು ಸೇರು ಇಳಿಸಿದಿ. ಇಳಿಸಿದ್ದು ಹೋಗ್ಲಿ ಬಿಡಲೇ, ಓಣಿ ತುಂಬ ಹೇಳ್ಕೊಂತ ತಿರುಗಿದಿ. ನನ್ನ ಹೇಣ್ತಿ ದಿನಾ ರಾತ್ರಿ ಊಟಕ್ಕ ಕುಂತಾಗ ನಿನ್ನ ಐದು ಸೇರು ನೀಡ್ತಿದ್ಲು. ಎದಿ ಉರೀತಿತ್ತು. ಅದಕ್ಕ ಬೀಗ ಬಿಟ್ಟು ಬಂದೆ. ಒಂದ ಸಲ ಬಿಟ್ಟ ಮ್ಯಾಲ ಮುಂದಿನ ವಾರ ಏನರ ಬಿಡಬೇಕಲ್ಲ."

"ಮೀಸಿನೂ ಬಿಡಬೇಕಾಗಿತ್ತೇನು?"

"ತೆಗಿಯಾಕ ಮತ್ತೇನೂ ಉಳದಿದ್ದಿಲ್ಲೋ."

ಇಬ್ಬರೂ ನಕ್ಕೆವು. ಒಂದೂವರೆ ತಿಂಗಳು ಅವನ ಮೇಲಿನ ಹೊಟ್ಟೆಕಿಚ್ಚಿನಿಂದ ನಾನು, ನನ್ನ ಮೇಲಿನ ಹೊಟ್ಟೆಕಿಚ್ಚಿನಿಂದ ಅವನು, ಒಂದು ದಿನವೂ ತಪ್ಪದೆ ಎದ್ದಿದ್ದೆವು. ನಡೆಯಬೇಕೆಂಬ ಸಂಕಲ್ಪ ನನ್ನಲ್ಲಿ ಡಿಸೆಂಬರ್ ಎರಡನೆಯ ವಾರದಲ್ಲೇ ಮುಗಿದಿತ್ತು. ಮಲಗಿದರೆ ಇವನು ಒಬ್ಬನೇ ಹೋಗಿಬಿಡುತ್ತಾನೆ ಎಂಬ ಸಂಕಟ ಮುಗಿದಿರಲಿಲ್ಲ. ಒಳ್ಳೆಯ ಬುದ್ಧಿಗೆ ಬೆಳಗಿನ ಚಳಿಯಲ್ಲಿ ನಿದ್ದೆ ಬರುತ್ತದೆ. ಕೆಟ್ಟ ಬುದ್ಧಿ ಕೋಳಿಗಿಂತ ಮೊದಲು ಏಳುತ್ತದೆ.

ಜನವರಿ ಇಪ್ಪತ್ನಾಲ್ಕರ ಸೋಮವಾರ ನಾನು ಹಠ ಹಿಡಿದೆ: ಮೊದಲ ದಿನ ಏನೇನಿತ್ತೋ ಎಲ್ಲ ಹೊತ್ತುಕೊಂಡು ಕೂರಬೇಕು. ಬಸಣ್ಣ ಕೋಟು, ಮೆಟ್ಟು, ರುಮಾಲು, ಬೀಗ, ಕೀಲಿ, ಹಿತ್ತಾಳೆ ಕಲ್ಲು ಸಮೇತ ಮದುಮಗನ ಹಾಗೆ ಬಂದು ಹಲಗೆಯ ಮೇಲೆ ಕೂತ. ಖಾಜಾಸಾಬ "ಲಾಭ" ಎಂದು ಶುರು ಮಾಡಿದ. ಒಂದೂವರೆ ತಿಂಗಳ ಸುಳ್ಳು ಈಗ ತಕ್ಕಡಿಗೆ ಬರುತ್ತದೆಂದು ನಾನು ಪೆನ್ಸಿಲು ಹಿಡಿದು ನಿಂತಿದ್ದೆ.

ಎರಡು ಮಣ ಹದಿನೇಳು ಸೇರು.

ಖಾಜಾಸಾಬ ಇನ್ನೊಂದು ಸಲ ತೂಗಿದ. ಅಷ್ಟೇ ಬಂತು. ಅಂದರೆ ನನ್ನ ತಕ್ಕಡಿ ನಿಂತಿದ್ದ ಆ ಏಳೆಂಟು ವಾರಗಳಲ್ಲಿ, ಒಗ್ಗರಣೆ ಮಿರ್ಚಿ ತಿನ್ನುತ್ತಲೇ, ಬಸಣ್ಣ ಮೂರು ಸೇರನ್ನು ನಿಜವಾಗಿಯೂ ಇಳಿಸಿದ್ದ. ಅವನಿಗೂ ಅದು ಗೊತ್ತಿರಲಿಲ್ಲ. ಹಲಗೆಯ ಮೇಲೆ ಕೂತೇ ಮೀಸೆ ತಿರುವಲು ಕೈ ಎತ್ತಿದ, ಅಲ್ಲಿ ಏನೂ ಇಲ್ಲವೆಂದು ನೆನಪಾಗಿ ಕೈ ಇಳಿಸಿದ. ಲಿಂಗಸುಗೂರಿಗೆ ಕರೆದೊಯ್ದು ತೋರಿಸಿದೆ. ರೋಗವಿಲ್ಲ ಎಂದರು ಡಾಕ್ಟರು. ಅಲ್ಲಿಯವರೆಗೆ ಊಹೆಯ ಮೇಲೆ ನಿಂತಿದ್ದ ನನ್ನ ಹೊಟ್ಟೆಕಿಚ್ಚಿಗೆ ಈಗ ಪುರಾವೆ ಸಿಕ್ಕಿತು. ಮರುದಿನ ನಾನು ಹದಿನೈದು ನಿಮಿಷ ಮೊದಲು ಎದ್ದೆ.

ಯುಗಾದಿಯ ಮರುವಾರ ಸಂಪಾದಕರು ಬಂದರು. ಗೊರೇಬಾಳದಿಂದ ಕಾಲುವೆಯ ಏರಿ ಹಿಡಿದು ಮೂರು ಮೈಲಿ ಹೋಗಿ, ಮೂರು ಮೈಲಿ ಬಂದೆವು. ನಾನು ಕೂರಲಿಲ್ಲ. ಸಂಪಾದಕರು ಎರಡು ಸಲ ಕೂತರು. ಎರಡು ಸಲವೂ ಕೊಡೆ ಹಿಡಿದವನು ನಾನು. ಬಸ್ಸು ಹತ್ತುವಾಗ ಅವರು, "ತೂಕ ಭಾಳ ಇಳಿಸೀರಿ ಬಿಡ್ರಿ" ಎಂದರು. ಹಿಂದಿನ ಸೋಮವಾರದ ತೂಕ ಎರಡು ಮಣ ಹದಿನೇಳು ಇತ್ತು. ನಾನು ಅವರನ್ನು ತಿದ್ದಲಿಲ್ಲ. ನನ್ನ ವೃತ್ತಿಯಲ್ಲಿ ಗೊತ್ತಿದ್ದೂ ತಿದ್ದದೆ ಬಿಟ್ಟ ತಪ್ಪು ಅದೊಂದೇ. ಕಾಲುವೆಯ ವರದಿಯನ್ನು ಅಂದಿನಿಂದ ನಾನೇ ಬರೆಯುತ್ತಿದ್ದೇನೆ.

ಇದನ್ನು ಬರೆಯುತ್ತಿರುವುದು ೧೯೫೬ರ ಫೆಬ್ರವರಿಯಲ್ಲಿ. ಕಳೆದ ಸೋಮವಾರ ನನ್ನದು ಎರಡು ಮಣ ಹದಿನೇಳು ಸೇರು, ಬಸಣ್ಣನದು ಎರಡು ಮಣ ಹದಿನೈದು, ಮೀಸೆ ಸಹಿತ. ಇವತ್ತು ಬೆಳಿಗ್ಗೆ ಐದೂವರೆಗೆ ಅವನು ಬಂದು ನಮ್ಮ ಬಾಗಿಲು ಬಡಿದ. ಬಾಗಿಲು ತೆರೆದವಳು ನನ್ನ ಹೆಂಡತಿ. ನಾನು ಆಗಲೇ ಹುಣಸೆಮರ ದಾಟಿದ್ದೆ.