ಅಕ್ಕನಿಗೆ ಬಂದ ವಾಸನೆ

ಶಕುನ, ಕನಸು, ದೆವ್ವ ಎಂದರೆ ನಗುತ್ತಿದ್ದವನು ನಾನು. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು ನಗದೆ ಇನ್ನೇನು ಮಾಡಿಯಾನು? ಆ ಜಂಬ ಇಳಿದ ಮಧ್ಯಾಹ್ನವೊಂದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಮ್ಮೂರು ಕುದೇರಿನಲ್ಲಿ ಅವ್ವನ ಜೊತೆ ಇದ್ದ ನನ್ನ ಅಕ್ಕನಿಗೆ ಎಡಹೊಳ್ಳೆಯಿಂದ ನೀರು ಸೋರತೊಡಗಿತ್ತು. ಬಗ್ಗಿದರೆ ಸಾಕು, ತೊಟ್ಟಿಕ್ಕುತ್ತಿತ್ತು. ಒಣಗಿದ ಅರಿಶಿನದ ಕೊಂಬು ಉಜ್ಜಿ ಪಾಲಿಶ್ ಮಾಡುವ ಕಾಲ. ಆ ದೂಳಿಗೆ ನಮ್ಮ ಕಡೆ ಎಲ್ಲರ ಮೂಗೂ ಸೋರುತ್ತದೆ. ನೆಗಡಿ ಎಂದುಕೊಂಡೆವು. ಅವ್ವ ಕೆಂಡದ ಮೇಲೆ ಅರಿಶಿನದ ಕೊಂಬು ಸುಟ್ಟು, ಕಂಬಳಿ ಹೊದಿಸಿ, ಅಕ್ಕನನ್ನು ಬಗ್ಗಿಸಿ ಹೊಗೆ ಕುಡಿಸಿದಳು. ಮೂರು ತಿಂಗಳು! ಒಳ್ಳೆಯದೇ ಎಂದೆ ನಾನು, ವಿಜ್ಞಾನದ ಮೇಷ್ಟ್ರು.

ತಲೆನೋವು ತಡೆಯಲಾರದೆ ಮೈಸೂರಿಗೆ ಕರೆದೊಯ್ದಾಗ ಗೊತ್ತಾಯಿತು, ಅದು ನೆಗಡಿಯಲ್ಲ, ಮಿದುಳಿನ ಸುತ್ತ ಇರುವ ನೀರು. ಮೂಗಿನ ಮೇಲ್ಗಡೆಯ ಎಲುಬಿನಲ್ಲಿ ತೂತು ಬಿದ್ದಿತ್ತು. ಹಾಗೇ ಬಿಟ್ಟರೆ ಸೋಂಕು ಮಿದುಳಿಗೇ ಏರುತ್ತಿತ್ತು. ಡಾಕ್ಟರು ತಲೆ ಕೊಯ್ಯದೆ, ಮೂಗಿನೊಳಗಿಂದಲೇ ದುರ್ಬೀನು ತೂರಿಸಿ, ತೊಡೆಯಿಂದ ತೆಗೆದ ತೆಳುಪೊರೆಯಿಂದ ಆ ತೂತು ಮುಚ್ಚಿದರು. ಎರಡೂ ಹೊಳ್ಳೆಗಳಿಗೆ ಬಟ್ಟೆ ತುರುಕಿದರು.

ಮಾರನೆಯ ದಿನ ಮಧ್ಯಾಹ್ನ, ಬಾಯಲ್ಲಿ ಉಸಿರಾಡುತ್ತಾ ಮಲಗಿದ್ದ ಅಕ್ಕ ಕಣ್ಣು ಬಿಟ್ಟಳು.

"ಅವ್ವ ಅರಿಸ್ನ ಸುಡ್ತಾವ್ಳೆ ಕಣ್ಲಾ. ವಾಸ್ನೆ ಬತ್ತಾ ಅದೆ. ಅವ್ಳಿಗೆ ಫೋನ್ ಮಾಡು, ಬ್ಯಾಡ ಅನ್ನು."

"ಮೂಗ್ಗೆ ಬಟ್ಟೆ ತುರ್ಕವ್ರೆ, ವಾಸ್ನೆ ಎಲ್ಲಿಂದ ಬಂದದು, ಅಕ್ಕ? ಸುಮ್ಕೆ ಮನಿಕ್ಕೊ."

ಅವಳು ಮತ್ತೆ ಎರಡು ಸಲ ಅದನ್ನೇ ಹೇಳಿದಳು. ಔಷಧಿಯ ಅಮಲು ಎಂದುಕೊಂಡು ನಾನು ಟೀ ಕುಡಿಯಲು ಹೋದೆ. ಫೋನು ಜೇಬಿನಲ್ಲೇ ಇತ್ತು.

ಸಂಜೆ ಊರಿನಿಂದ ಪಕ್ಕದ ಮನೆಯವರು ಫೋನ್ ಮಾಡಿದರು. ಅವ್ವನಿಗೆ ನೆಗಡಿಯಾಗಿತ್ತಂತೆ. ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಕೆಂಡದ ಮೇಲೆ ಅರಿಶಿನ ಸುಟ್ಟು, ಕಂಬಳಿ ಹೊದ್ದು ಹೊಗೆ ಎಳೆಯುತ್ತಾ ಕೂತವಳು ಹಾಗೆಯೇ ಒರಗಿಬಿಟ್ಟಿದ್ದಳು. ಬಾಗಿಲು ಮುರಿದು ನೋಡಿದಾಗ ಜೀವ ಇರಲಿಲ್ಲ. ಮುಚ್ಚಿದ ಮನೆಯಲ್ಲಿ ಕೆಂಡದ ವಿಷಗಾಳಿ ತುಂಬಿತ್ತು.

ಅಕ್ಕನ ಮೂಗು ಸೋರುವುದು ನಿಂತಿತು. ವಾಸನೆ ಮಾತ್ರ ಪೂರಾ ಹೋಯಿತು. ಈಗ ಹಾಲು ಸೀದರೂ ಅವಳಿಗೆ ಗೊತ್ತಾಗುವುದಿಲ್ಲ. ಆ ಮಧ್ಯಾಹ್ನದ ವಿಷಯ ಡಾಕ್ಟರನ್ನು ಕೇಳಿದೆ. ಇಂಥ ರೋಗಿಗಳಿಗೆ ಇಲ್ಲದ ವಾಸನೆ ಬರುವುದುಂಟು ಎಂದರು. ಆದರೆ ಆ ವಾಸನೆ ನಿಜವಾಗಿಯೂ ಇತ್ತಲ್ಲ, ಕುದೇರಿನಲ್ಲಿ.

ಯಾಕೆ ಫೋನ್ ಮಾಡಲಿಲ್ಲ ಎಂದು ಅಕ್ಕ ಇವತ್ತಿನವರೆಗೂ ಕೇಳಿಲ್ಲ. ಊಟಕ್ಕೆ ಬಡಿಸುವಾಗ ಒಮ್ಮೊಮ್ಮೆ ನನ್ನ ಮುಖವನ್ನೇ ನೋಡುತ್ತಾಳೆ. ನಾನು ತಟ್ಟೆ ನೋಡುತ್ತೇನೆ.